ದೇವನಾರಿನ ನೇಜಿ ಗದ್ದೆ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ವಾರ್ಷಿಕ ವರದಿ ಅಂದರೆ ಕಾದಂಬರಿ ಇದ್ದ ಹಾಗೆ. ಠೇವಣಿ ಎಷ್ಟು, ಸಾಲ ಎಷ್ಟು, ವಸೂಲಾಗದೆ ಉಳಿದದ್ದೆಷ್ಟು ಎಂದು ನಾಲ್ಕು ಪುಟ ತಿರುವಿದರೆ ಸಂಸ್ಥೆಯ ಜಾತಕವೇ ಕೈಗೆ ಬಂತು ಎಂಬ ಗರ್ವ ನನ್ನದು. ಅದಕ್ಕೇ ತಂಗಿಯ ಮಗಳು ಮುಂಬಯಿಯ ‘ಟಿಸ್’ನಲ್ಲಿ, ಅಂದರೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ, ಸೋಶಿಯಲ್ ವರ್ಕ್ ಎಂ.ಎ.ಗೆ ಸೇರಿದಾಗ ನಾನು ಮೊದಲು ಕೇಳಿದ್ದು, “ಆ ಶಾಲೆಯ ವಾರ್ಷಿಕ ವರದಿ ಸಿಗ್ತದಾ?” ಅವಳು ನಕ್ಕು ಫೋನಿಗೆ ಕಳಿಸಿದಳು. ಮಂಗಳೂರಿನ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ತೆಗೆಸಿ, ತಂಗಿ ಕೊಟ್ಟ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಡಬ್ಬಿಗಳನ್ನು ಹೊತ್ತು, ಜುಲೈ ತಿಂಗಳ ಒಂದು ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದೆ.

ಸುರತ್ಕಲ್ ದಾಟಿದ್ದೇ ಕಿಟಕಿಯ ತುಂಬ ನಟ್ಟಿಯ ಗದ್ದೆಗಳು. ಮಳೆ ನಿಂತು ನಿಂತು ಬರುತ್ತಿತ್ತು. ಒಂದೊಂದು ಬಯಲಿನ ಮೂಲೆಯಲ್ಲೂ ಚಾಪೆ ಹಾಸಿದಷ್ಟಗಲ ಗಿಳಿಹಸಿರು. ಅದು ನೇಜಿ ಗದ್ದೆ. ಘಟ್ಟದ ಮೇಲಿನವರು ಒಟ್ಲು ಅನ್ನುತ್ತಾರಲ್ಲ, ಅದೇ. ಹೆಂಗಸರು ಸಾಲಾಗಿ ಬಗ್ಗಿ ನೇಜಿ ಕಿತ್ತು, ಬೇರಿನ ಕೆಸರು ತೊಳೆದು, ಸೂಡಿ ಕಟ್ಟಿ ಬೇರೆ ಗದ್ದೆಗೆ ಎಸೆಯುತ್ತಿದ್ದರು. ತೊಡೆಯ ಮೇಲೆ ವರದಿ ತೆರೆದೇ ಇತ್ತು. ಎಷ್ಟು ವಿದ್ಯಾರ್ಥಿಗಳು, ಎಷ್ಟು ಸಂಶೋಧನೆ, ಎಷ್ಟು ವಿಚಾರಸಂಕಿರಣ, ಯಾರು ಬಂದರು, ಯಾರು ಭಾಷಣ ಮಾಡಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೂ ರತ್ನಾಗಿರಿಯ ಸುರಂಗಗಳು ಬರುವ ಹೊತ್ತಿಗೆ ನನಗೆ ಒಂದು ತಕರಾರು ಹುಟ್ಟಿತು: ಇಷ್ಟೆಲ್ಲ ಓದಿಯೂ ಈ ಶಾಲೆಯಿಂದ ಯಾರಿಗೆ ಏನಾಯಿತು ಅನ್ನುವುದು ತಿಳಿಯಲಿಲ್ಲವಲ್ಲ.

ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್. ಪಕ್ಕದ ತಿಲಕ್ ನಗರದಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ಚೆಂಬೂರು, ಆಮೇಲೆ ಗೋವಂಡಿ. ಎರಡೇ ಸ್ಟೇಶನ್ನು. ಆ ಎರಡು ಸ್ಟೇಶನ್ನಿನಲ್ಲಿ ನನ್ನ ಉಪ್ಪಿನಕಾಯಿ ಡಬ್ಬಿ ಮೂವರ ತೊಡೆಯ ಮೇಲೆ ಪ್ರಯಾಣ ಮಾಡಿತು.

ದೇವನಾರಿನ ಆವರಣ ಹೊಕ್ಕರೆ ಹೊರಗಿನ ಗದ್ದಲ ಕತ್ತರಿಸಿದಂತೆ ನಿಂತುಹೋಗುತ್ತದೆ. ಮರಗಳು, ಒದ್ದೆ ಕಲ್ಲು, ನಿದ್ದೆ ಹೋದ ನಾಯಿಗಳು. ‘ಅಬ್ಬ, ಋಷ್ಯಾಶ್ರಮ’ ಅಂದುಕೊಳ್ಳುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಆ ವಾಸನೆಯನ್ನು ಏನೆಂದು ಹೇಳಲಿ! ಕೊಳೆತದ್ದು, ಸುಟ್ಟದ್ದು, ಹುಳಿ ಬಂದದ್ದು ಎಲ್ಲ ಒಟ್ಟಿಗೆ. “ದೇವನಾರು ಡಂಪಿಂಗ್ ಗ್ರೌಂಡ್, ಮಾವ,” ಅಂದಳು ತಂಗಿಯ ಮಗಳು, ಮನೆಯ ಹಿತ್ತಿಲು ತೋರಿಸುವವಳ ಹಾಗೆ. 1927ರಿಂದ ಮುಂಬಯಿಯ ಕಸ ಅಲ್ಲಿಗೆ ಬಂದು ಬೀಳುತ್ತಿದೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು, ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಂಡಿತ್ತು. ಈ ಶಾಲೆ ದೇವನಾರಿಗೆ ಬಂದದ್ದು 1954ರಲ್ಲಿ. ಕಸದ ಗುಡ್ಡವೇ ಹಿರಿಯಣ್ಣ. ಮುಂಬಯಿಯ 2009ರ ಮಾನವ ಅಭಿವೃದ್ಧಿ ವರದಿ ಹೊರಬಂದಾಗ 24 ವಾರ್ಡುಗಳಲ್ಲಿ ತೀರಾ ಕೆಳಗೆ ಇದ್ದದ್ದು ಇದೇ ಎಂ-ಪೂರ್ವ ವಾರ್ಡು. ಸಮಾಜಕಾರ್ಯ ಕಲಿಸುವ ಶಾಲೆಯ ಅಂಗಳದಲ್ಲೇ ಊರಿನ ಅತಿ ಬಡ ವಾರ್ಡು! ಮುಖಕ್ಕೆ ಹೊಡೆದ ಹಾಗಾಗಿರಬೇಕು. ಆ ಶಾಲೆ 75 ವರ್ಷ ತುಂಬಿದ ಸಂಭ್ರಮದಲ್ಲಿ ಈ ವಾರ್ಡನ್ನೇ ಕೈಗೆತ್ತಿಕೊಂಡಿತು ಅನ್ನುವುದು ನನಗೆ ಹಿಡಿಸಿದ ಸಂಗತಿ. ನಾವಾದರೆ ಸಭಾಭವನ ಕಟ್ಟಿಸುತ್ತಿದ್ದೆವು.

ಇಲ್ಲಿಯ ಪಾಠದಲ್ಲಿ ಅರ್ಧ ಪಾಠ ರಸ್ತೆಯಲ್ಲಿ ನಡೆಯುತ್ತದೆ. ವಾರಕ್ಕೆ ಎರಡು ದಿನ ‘ಫೀಲ್ಡ್ ವರ್ಕ್’. ಒಬ್ಬ ಜೈಲಿಗೆ, ಒಬ್ಬಳು ಆಸ್ಪತ್ರೆಗೆ, ಇನ್ನೊಬ್ಬ ಕಸ ಆಯುವವರ ಬಸ್ತಿಗೆ. ಹೋಗಿ ಬಂದದ್ದನ್ನೆಲ್ಲ ಬರೆಯಬೇಕು. ಅದಕ್ಕೆ ‘ಪ್ರೊಸೆಸ್ ರೆಕಾರ್ಡಿಂಗ್’ ಎಂದು ಹೆಸರು. ಅವರು ಏನಂದರು, ನಾನು ಏನಂದೆ, ಆಗ ನನ್ನೊಳಗೆ ಏನಾಯಿತು, ಎಲ್ಲಿ ಬಾಯಿ ಹಾಕಬಾರದಿತ್ತು. ವಾರಕ್ಕೊಮ್ಮೆ ಮೇಷ್ಟ್ರ ಎದುರು ಕೂತು ಅದನ್ನೆಲ್ಲ ಬಿಚ್ಚಿಡುವುದು ‘ಐ.ಸಿ.’. ಈ ಐ.ಸಿ. ಅಂದರೆ ಮಕ್ಕಳಿಗೆ ಪರೀಕ್ಷೆಗಿಂತ ಹೆಚ್ಚು ದಿಗಿಲು. “ಲೆಕ್ಕ ತಪ್ಪಿದರೆ ಮಾರ್ಕು ಹೋಗ್ತದೆ ಅಷ್ಟೆ. ಇಲ್ಲಿ ನಾನು ಪಾಪ ಅಂತ ಬರೆದದ್ದಕ್ಕೆ ಮ್ಯಾಮ್ ಮುಕ್ಕಾಲು ಗಂಟೆ ಕೂರಿಸಿದ್ರು ಮಾವ. ಪಾಪ ಅನ್ನುವುದು ಯಾರ ಶಬ್ದ, ಅವರದ್ದಾ ನಿನ್ನದಾ ಅಂತ.”

ನನಗೆ ಬ್ಯಾಂಕಿನ ಇನ್‌ಸ್ಪೆಕ್ಷನ್ ನೆನಪಾಯಿತು. ನಮ್ಮನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಅವಳ ಫೀಲ್ಡ್ ವರ್ಕ್. ಚೆಂಬೂರಿನ ಭಿಕ್ಷುಕರ ಗೃಹ. “ನೀವು ಇಲ್ಲೇ ಕೂತ್ಕೊಳ್ಳಿ ಮಾವ, ಒಳಗೆ ಬಿಡುದಿಲ್ಲ,” ಎಂದು ಎದುರಿನ ಚಹಾದಂಗಡಿಯ ಬೆಂಚು ತೋರಿಸಿ ಹೋದಳು. ಮೂರು ಗಂಟೆ ಕೂತೆ. ಐದು ಕಟಿಂಗ್ ಚಹಾ ಆಯಿತು. ಅಷ್ಟು ಹೊತ್ತು ಒಂದು ಗೇಟು ನೋಡುತ್ತಾ ಕೂತರೆ ಗೇಟು ಕೂಡ ಏನೋ ಹೇಳತೊಡಗುತ್ತದೆ. ಅದು ತೆರೆದದ್ದು ಎರಡೇ ಸಲ, ಅದೂ ವಾಹನಕ್ಕೆ.

1959ರ ಬಾಂಬೆ ಭಿಕ್ಷಾಟನೆ ತಡೆ ಕಾಯಿದೆಯ ಪ್ರಕಾರ ಬೇಡುತ್ತಿದ್ದಾನೆಂದು ಪೊಲೀಸರು ಯಾರನ್ನಾದರೂ ಹಿಡಿಯಬಹುದು. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಒಳಗಿಡಬಹುದು. ಬೇಡಿದ್ದಕ್ಕೆ ಹತ್ತು ವರ್ಷ! 2018ರಲ್ಲಿ ದೆಹಲಿ ಹೈಕೋರ್ಟು ತನ್ನ ವ್ಯಾಪ್ತಿಯಲ್ಲಿ ಈ ಕಾಯಿದೆಯ ಮುಖ್ಯ ಕಲಮುಗಳನ್ನು ತೆಗೆದುಹಾಕಿತು. ಆದರೆ ಅದಕ್ಕೆ ಹನ್ನೆರಡು ವರ್ಷ ಮೊದಲೇ, 2006ರಲ್ಲಿ, ಟಿಸ್‌ನವರು ‘ಕೋಶಿಶ್’ ಎಂಬ ಕೆಲಸ ಶುರುಮಾಡಿದ್ದರು. ಹಿಡಿದು ತಂದವರ ಜತೆ ಕೂತು ಮಾತಾಡುವುದು, ಊರು ಎಲ್ಲಿ, ಮನೆಯವರು ಇದ್ದಾರಾ, ಯಾವ ಕೆಲಸ ಬರುತ್ತದೆ ಎಂದು ಕೇಳುವುದು. ಕೇಳಿದರೆ ತಿಳಿಯುತ್ತದೆ, ಒಳಗಿರುವ ಎಷ್ಟೋ ಮಂದಿ ಬೇಡಿದವರೇ ಅಲ್ಲ, ಕೆಲಸ ಸಿಗದೆ ಫುಟ್‌ಪಾತಿನಲ್ಲಿ ಮಲಗಿದ್ದವರು.

ಇದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಬಿಹಾರ ಸರ್ಕಾರ ತನ್ನ ಆಶ್ರಯಧಾಮಗಳ ಸಾಮಾಜಿಕ ಪರಿಶೋಧನೆಯನ್ನು ಇದೇ ಕೋಶಿಶ್ ತಂಡಕ್ಕೆ ಒಪ್ಪಿಸಿತು. ಅವರು 110 ಸಂಸ್ಥೆಗಳಿಗೆ ಹೋಗಿ 2018ರಲ್ಲಿ ವರದಿ ಕೊಟ್ಟರು. ಮುಜಾಫರ್‌ಪುರದ ಬಾಲಕಿಯರ ಧಾಮದಲ್ಲಿ ನಡೆಯುತ್ತಿದ್ದ ಘೋರ ಹೊರಗೆ ಬಂದದ್ದು ಆ ವರದಿಯಿಂದ. 2020ರಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿ ದೋಷಿಗಳೆಂದು ತೀರ್ಪಿತ್ತಿತು. ಆ ಧಾಮಗಳಲ್ಲೂ ಕಡತ ಇತ್ತು, ಹಾಜರಿ ಪುಸ್ತಕ ಇತ್ತು. ನಮ್ಮಂಥ ಆಡಿಟರುಗಳಾಗಿದ್ದರೆ ವೌಚರು ನೋಡಿ, ಚಹಾ ಕುಡಿದು, ಸಹಿ ಹಾಕಿ ಬರುತ್ತಿದ್ದೆವು. ಮುಚ್ಚಿದ ಬಾಗಿಲಿನ ಹಿಂದಿರುವವರ ಮುಖ ಓದುವುದನ್ನು ಈ ಮಂದಿ ಕಲಿತದ್ದು ಇಂಥ ಗೇಟುಗಳ ಹಿಂದೆ ಎಂದು ತೋರಿ, ಆರನೆಯ ಚಹಾ ಬೇಡವೆಂದೆ.

ಸಂಜೆ ಕ್ಯಾಂಟೀನಿನಲ್ಲಿ ಕೂತು, “ಈ ಥರದ್ದು ಇನ್ನೆಷ್ಟು ಉಂಟು?” ಎಂದು ಕೇಳಿದೆ. ‘ಫೀಲ್ಡ್ ಆಕ್ಷನ್ ಪ್ರಾಜೆಕ್ಟ್’ ಎಂದು ಅವುಗಳಿಗೆ ಹೆಸರು. ಜೈಲಿನ ವಿಚಾರಣಾಧೀನ ಕೈದಿಗಳಿಗಾಗಿ 1990ರಲ್ಲಿ ಹುಟ್ಟಿದ ‘ಪ್ರಯಾಸ್’ ಒಂದು. 1984ರಲ್ಲಿ ಮುಂಬಯಿ ಪೊಲೀಸ್ ಕಮಿಷನರ ಕಚೇರಿಯೊಳಗೇ ಒಂದು ಮೇಜು ಹಾಕಿ ಕೂತದ್ದು ಇನ್ನೊಂದು. ಗಂಡನ ಮನೆಯಿಂದ ಏಟು ತಿಂದು ಬಂದ ಹೆಂಗಸು ಠಾಣೆಗೇ ಬರುತ್ತಾಳೆ. ಅಲ್ಲಿ ಖಾಕಿ ಹಾಕದ ಒಬ್ಬಳು ಕೂತಿದ್ದರೆ ಅವಳು ಹೇಳುವ ಮಾತೇ ಬೇರೆಯಾಗುತ್ತದೆ ಎಂಬುದಷ್ಟೇ ಉಪಾಯ. ಕೌಟುಂಬಿಕ ಹಿಂಸೆಯ ಕಾಯಿದೆ ಬರಲು ಇನ್ನೂ 21 ವರ್ಷ ಇತ್ತು. ಆ ಒಂದು ಮೇಜು ಆಮೇಲೆ ಮಹಾರಾಷ್ಟ್ರ ಸರ್ಕಾರದ್ದೇ ಯೋಜನೆಯಾಗಿ ಜಿಲ್ಲೆ ಜಿಲ್ಲೆಗೆ ಹೋಯಿತು.

“1098 ಗೊತ್ತುಂಟಲ್ಲ ಮಾವ? ಅದೂ ಇಲ್ಲಿಯದ್ದೇ.”

ನಾನು ಕೈಯಲ್ಲಿದ್ದ ವಡಾ ಕೆಳಗಿಟ್ಟೆ. ನಮ್ಮೂರ ಅಂಗನವಾಡಿ ಗೋಡೆಯ ಮೇಲೆ, ಬಸ್‌ಸ್ಟ್ಯಾಂಡಿನ ಕಂಬದ ಮೇಲೆ, ಶಾಲಾ ಪುಸ್ತಕದ ಹಿಂಬದಿಯಲ್ಲಿ ನೋಡಿ ನೋಡಿ ಸವೆದ ಆ ನಾಲ್ಕಂಕಿ! ಸರ್ಕಾರಿ ನಂಬರು ಅಂತಲೇ ನಾನು ತಿಳಿದಿದ್ದೆ. ಟಿಸ್‌ನಲ್ಲಿ ಕಲಿಸುತ್ತಿದ್ದ ಜೆರೂ ಬಿಲಿಮೋರಿಯಾ ಬೀದಿಮಕ್ಕಳಿಗೆ ತಮ್ಮ ಮನೆಯ ಫೋನ್ ನಂಬರು ಕೊಟ್ಟಿದ್ದರಂತೆ. ರಾತ್ರಿಯೆಲ್ಲ ಫೋನು. ಒಬ್ಬನಿಗೆ ಜ್ವರ, ಒಬ್ಬಳನ್ನು ಯಾರೋ ಹೊಡೆದರು, ಇನ್ನೊಬ್ಬನಿಗೆ ಸುಮ್ಮನೆ ಮಾತಾಡಬೇಕು. ಹಾಗಾದರೆ ಮಕ್ಕಳಿಗೇ ಒಂದು ನಂಬರು ಇರಲಿ, ಕಾಸಿಲ್ಲದೆ ಮಾಡುವಂತಿರಲಿ ಎಂದು 1996ರಲ್ಲಿ ಚೈಲ್ಡ್‌ಲೈನ್ ಶುರುವಾಯಿತು. ದಸ್, ನೌ, ಆಠ್. ಹತ್ತು, ಒಂಬತ್ತು, ಎಂಟು. ಅಕ್ಷರ ಬಾರದ ಮಗುವಿಗೂ ಆಟದ ಎಣಿಕೆಯ ಹಾಗೆ ನಾಲಗೆಗೆ ಕೂರುತ್ತದೆ. ಮೂರು ವರ್ಷಕ್ಕೆ ಅದು ಬೇರೆ ಪ್ರತಿಷ್ಠಾನವಾಗಿ ಮನೆ ಬಿಟ್ಟು ಹೊರಟು ದೇಶವೆಲ್ಲ ಹಬ್ಬಿತು. 2023ರಲ್ಲಿ ಸರ್ಕಾರವೇ ವಹಿಸಿಕೊಂಡು, 112ರ ತುರ್ತುಕರೆಗೆ ಜೋಡಿಸಿತು. ಅದು ಒಳ್ಳೆಯದಾಯಿತೇ ಎಂದು ಕೇಳಿದರೆ ಅಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಸುಮ್ಮನೆ ಮಾತಾಡಬೇಕು ಎಂದು ಫೋನು ಮಾಡುವ ಹುಡುಗನ ಕರೆ ತುರ್ತುಕರೆಯ ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬ ಅನುಮಾನ ಹೋಗಿಲ್ಲ.

ಆ ರಾತ್ರಿ ಗೆಸ್ಟ್‌ಹೌಸಿನಲ್ಲಿ ವರದಿಯನ್ನು ಮತ್ತೆ ತೆರೆದೆ. ರೈಲಿನಲ್ಲಿ ಎದ್ದ ತಕರಾರು ಬಿಚ್ಚಿಕೊಂಡಿತು. ಈ ಮನೆಯಲ್ಲಿ ಹುಟ್ಟಿದ್ದು ಕಾಲು ಬಂದೊಡನೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೋದ ಮೇಲೆ ಇವರ ಲೆಕ್ಕದಲ್ಲಿ ಇರುವುದಿಲ್ಲ. ನೇಜಿ ಗದ್ದೆಯ ಫಸಲು ಎಷ್ಟು ಮುಡಿ ಎಂದು ನಮ್ಮೂರಿನಲ್ಲಿ ಯಾರಾದರೂ ಅಳೆದಿದ್ದಾರೆಯೇ?

ಊರಿಗೆ ಹೊರಡುವ ಮುನ್ನ ನಾಗಪಾಡಾ ನೋಡಬೇಕೆಂದು ಹಟ ಹಿಡಿದೆ. ಇಡೀ ಕಥೆ ಮೊಳೆತದ್ದು ಅಲ್ಲಿ. ಕ್ಲಿಫರ್ಡ್ ಮ್ಯಾನ್ಶರ್ಟ್ ಎಂಬ ಅಮೆರಿಕದ ಪಾದ್ರಿ, ಶಿಕಾಗೋದಲ್ಲಿ ಓದಿದವರು, 1920ರ ದಶಕದಲ್ಲಿ ಮುಂಬಯಿಗೆ ಬಂದು ಗಿರಣಿ ಕಾರ್ಮಿಕರ ಕಿಷ್ಕಿಂಧೆಯಂಥ ಚಾಳುಗಳ ನಡುವೆ ‘ನಾಗಪಾಡಾ ನೇಬರ್‌ಹುಡ್ ಹೌಸ್’ ತೆರೆದರು. ಬಡತನವನ್ನು ದಾನದಿಂದ ತೊಳೆಯಲಾಗದು, ಅದಕ್ಕೆ ಕಲಿತ ಕೈಗಳು ಬೇಕು ಎಂದು ದೊರಾಬ್ಜಿ ಟಾಟಾ ಟ್ರಸ್ಟಿನವರನ್ನು ಒಪ್ಪಿಸಿದರು. 1936ರಲ್ಲಿ, 20 ವಿದ್ಯಾರ್ಥಿಗಳನ್ನಿಟ್ಟುಕೊಂಡು, ಭಾರತದ ಮೊದಲ ಸಮಾಜಕಾರ್ಯ ಶಾಲೆ ಅಲ್ಲೇ ಶುರುವಾಯಿತು. ಅದೇ ವರ್ಷ ಕಥೆಗಾರ ಸಾದತ್ ಹಸನ್ ಮಂಟೋ ಮುಂಬಯಿಗೆ ಬಂದಿಳಿದರು. ನಾಗಪಾಡಾ, ಕಾಮಾಠಿಪುರದ ಅವೇ ಗಲ್ಲಿಗಳಲ್ಲಿ ಮಂಟೋ ಕಥೆ ಹುಡುಕುತ್ತಿದ್ದಾಗ ಪಕ್ಕದಲ್ಲೇ ಇಪ್ಪತ್ತು ಹುಡುಗ ಹುಡುಗಿಯರು ನೋಟ್‌ಬುಕ್ಕು ಹಿಡಿದು ಬಾಗಿಲು ತಟ್ಟುತ್ತಿದ್ದರು. ಎದುರೆದುರು ಸಿಕ್ಕಿರಬಹುದೇ? ನಾಗಪಾಡಾ ಈಗ ಬಾಸ್ಕೆಟ್‌ಬಾಲಿಗೆ ಹೆಸರಾದ ಕೇರಿ. ಜಿಟಿಜಿಟಿ ಮಳೆಯಲ್ಲಿ ಬರಿಗಾಲ ಹುಡುಗರು ಚೆಂಡು ಕುಟ್ಟುತ್ತಿದ್ದರು. ಬಿರಿಯಾನಿಯ ಹಂಡೆಯ ಹಬೆ, ಹಾರ್ನು, ಆಜಾನ್, ಚೆಂಡಿನ ದಬದಬ. ಛತ್ರಿ ಹಿಡಿದು ಬಾಯಿ ತೆರೆದು ನಿಂತೆ.

“ನಿಮ್ಮ ಮೈಸೂರಿನವರೂ ಒಬ್ಬರು ಇದ್ದರು ಮಾವ, ಲೈಬ್ರರಿಯಲ್ಲಿ ಅವರ ಪುಸ್ತಕ ಉಂಟು,” ಅಂದಳು. ಎ.ಆರ್. ವಾಡಿಯಾ. ಪಾರ್ಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವರ್ಷಾನುಗಟ್ಟಲೆ ತತ್ತ್ವಶಾಸ್ತ್ರ ಕಲಿಸಿದವರು. 1950ರ ದಶಕದಲ್ಲಿ ಈ ಶಾಲೆಯ ನಿರ್ದೇಶಕರಾಗಿ, ಭಾರತದ ಸಮಾಜಕಾರ್ಯದ ಇತಿಹಾಸ ಮತ್ತು ತತ್ತ್ವ ಕುರಿತ ಗ್ರಂಥವನ್ನು 1961ರಲ್ಲಿ ಸಂಪಾದಿಸಿದರು. ತತ್ತ್ವಶಾಸ್ತ್ರದ ಮೇಷ್ಟ್ರು ಕಸದ ಗುಡ್ಡದ ಪಕ್ಕದಲ್ಲಿ ಕೂತು ಏನು ಯೋಚಿಸಿರಬಹುದು ಎಂದು ವಾಪಸು ರೈಲಿನುದ್ದಕ್ಕೂ ಯೋಚಿಸಿದೆ.

ಮಂಗಳೂರಿಗೆ ಇಳಿದವನು ಮೀಯುವುದಕ್ಕೂ ಮೊದಲು ಕಪಾಟು ತೆಗೆದು ಮನೆಯ ಆಸ್ತಿ ತೆರಿಗೆಯ ರಸೀದಿಗಳ ಫೈಲು ಹುಡುಕಿದೆ. ಚೆಂಬೂರಿನ ಬೆಂಚಿನ ಮೇಲೆ ಹುಟ್ಟಿದ ಸಂಶಯ. ಇದ್ದೇ ಇತ್ತು. ಆರೋಗ್ಯ ಉಪಕರ, ಗ್ರಂಥಾಲಯ ಉಪಕರ, ಅದರ ಪಕ್ಕದಲ್ಲಿ ಭಿಕ್ಷುಕರ ಉಪಕರ, ಶೇಕಡ 3. ನಮ್ಮಲ್ಲೂ 1975ರ ಭಿಕ್ಷಾಟನೆ ನಿಷೇಧ ಕಾಯಿದೆ ಉಂಟು, ನಿರಾಶ್ರಿತರ ಪರಿಹಾರ ಕೇಂದ್ರಗಳು ಉಂಟು. ವರ್ಷ ವರ್ಷ ನಾನೇ ಕಟ್ಟಿದ್ದೇನೆ, ನಾನೇ ಫೈಲು ಮಾಡಿದ್ದೇನೆ. ಓದಿರಲಿಲ್ಲ.

ಫೋನು ಮಾಡಿ, “ಈ ದುಡ್ಡು ಎಲ್ಲಿ ಹೋಗ್ತದೆ ಮಗಾ?” ಎಂದು ಕೇಳಿದೆ.

“ಮಂಗಳೂರಿನ ಕೇಂದ್ರ ಪಚ್ಚನಾಡಿಯಲ್ಲಿ ಉಂಟಲ್ಲ ಮಾವ. ಹೋಗಿ ನೋಡಿ ಬನ್ನಿ. ಇವತ್ತು ನನಗೆ ಐ.ಸಿ., ಬರೆಯುದು ಇನ್ನೂ ಬಾಕಿ, ಇಡ್ತೇನೆ.”

ಪಚ್ಚನಾಡಿ! ನಮ್ಮ ಊರಿನ ಕಸದ ಗುಡ್ಡ ಇರುವುದೂ ಅಲ್ಲೇ. 2019ರ ಆಗಸ್ಟಿನ ಮಳೆಗೆ ಜಾರಿ ಮಂದಾರದ ಅಡಿಕೆ ತೋಟಗಳನ್ನು ನುಂಗಿದ್ದು ಅದೇ ಗುಡ್ಡ. ಮರುದಿನ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗಿ, ಪಚ್ಚನಾಡಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ.