ಬಂಡೆಗೆ ಬಂದ ಓಲೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ಕಲ್ಲುಗುಡ್ಡಗಳ ಸೀಮೆ. ಇಲ್ಲಿನ ಅಶೋಕ ಸಿದ್ದಾಪುರದ ಸಮೀಪ, ಬ್ರಹ್ಮಗಿರಿಯ ತಪ್ಪಲಿನ ಗುಂಡೊಂದರ ಮೇಲೆ 13 ಸಾಲುಗಳ ಬರಹವಿದೆ. ಸುಮಾರು 2250 ವರ್ಷಗಳ ಹಿಂದಿನ ಅಶೋಕ ಚಕ್ರವರ್ತಿಯ ಶಾಸನವದು.

ಅಂಚೆ, ತಂತಿಗಳಿಲ್ಲದ ಆ ಕಾಲದಲ್ಲಿ ಪಾಟಲಿಪುತ್ರದ ದೊರೆಯ ಮಾತು ಈ ಗುಡ್ಡಕ್ಕೆ ಬಂದದ್ದು ಹೇಗೆ? ಉತ್ತರ ಶಾಸನದ ಆರಂಭದಲ್ಲೇ ಇದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಇದನ್ನು ಕಳುಹಿಸಿದ್ದಾರೆ. ಇಸಿಲವೆಂದರೆ ಇದೇ ಪ್ರದೇಶ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ವಿಷಯ. ನಮ್ಮ ಹಿರಿಯರ ಕಾಗದಗಳಂತೆಯೇ! ಆ ಒಕ್ಕಣೆಯನ್ನೂ ಬಿಡದೆ ಕಲ್ಲಿನಲ್ಲಿ ಕೊರೆದಿದ್ದಾರೆ.

ಸಂದೇಶ ಸರಳವಾದದ್ದು. ತಂದೆ ತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಆದರೆ 'ಲಿಪಿಕಾರನಿಂದ' ಎಂಬರ್ಥದ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದ. ಆ ಲಿಪಿ ಬಳಕೆಯಲ್ಲಿದ್ದುದು ಇಲ್ಲಿಂದ 2000 ಕಿ.ಮೀ.ಗೂ ದೂರದ, ಇಂದಿನ ಪಾಕಿಸ್ತಾನದಲ್ಲಿರುವ ಗಾಂಧಾರದ ಕಡೆ. ದೊರೆಯ ಮಾತಿನ ಜೊತೆ ಲಿಪಿಕಾರನ ವಿದ್ಯೆಯೂ ಪಯಣಿಸಿ ಬಂದಿತ್ತು.

ಮುಂದೆ ಕಲ್ಲು ಉಳಿಯಿತು, ಓದುವವರು ಉಳಿಯಲಿಲ್ಲ. ಒಂದು ತಲೆಮಾರು ಮುಂದಿನದಕ್ಕೆ ಆ ಅಕ್ಷರ ಕಲಿಸುವುದು ನಿಂತೊಡನೆ ಬಂಡೆ ಮೂಕವಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದರು. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿನ ಶಾಸನಗಳನ್ನು ಪ್ರಕಟಿಸಿದಾಗ ಕಲ್ಲು ಮತ್ತೆ ಮಾತನಾಡಿತು.

ಮಕ್ಕಳನ್ನು ಇಲ್ಲಿಗೆ ಕರೆತರುವ ತಂದೆ ತಾಯಿಯರು ಒಂದು ಆಟ ಆಡಿಸಬಹುದು. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೊದಲನೆಯವನ ಕಿವಿಯಲ್ಲಿ ಒಂದು ವಾಕ್ಯ ಉಸುರಿ. ಕಿವಿಯಿಂದ ಕಿವಿಗೆ ದಾಟಿ ಅದು ಹತ್ತನೆಯವನ ಬಾಯಲ್ಲಿ ಏನಾಗಿ ಹೊರಬರುತ್ತದೋ ಕೇಳಿ. ಅದೇ ವಾಕ್ಯವನ್ನು ಚೀಟಿಯಲ್ಲಿ ಬರೆದು ಸಾಗಿಸಿ. ಬರಹ ಏಕೆ ಬೇಕೆಂಬುದು ಆಗ ತಿಳಿಯುತ್ತದೆ. ಓದಲು ಬಾರದ ಪುಟ್ಟ ಮಗುವಿನ ಕೈಗೆ ಆ ಚೀಟಿ ಕೊಟ್ಟರೆ, ಬರಹವೊಂದೇ ಸಾಲದೆಂಬುದೂ ತಿಳಿಯುತ್ತದೆ.

ಹತ್ತಿರದಲ್ಲೇ ಜಟಿಂಗ ರಾಮೇಶ್ವರ ಬೆಟ್ಟವಿದೆ. ಇದೇ ಶಾಸನದ ಇನ್ನೊಂದು ಪ್ರತಿ ಅಲ್ಲಿದೆ. ಜಟಾಯು ಬಿದ್ದ ಜಾಗ ಅದೆಂಬುದು ಜನರ ನಂಬಿಕೆ. ಸೀತೆಯ ಸುದ್ದಿಯನ್ನು ರಾಮನಿಗೆ ಮುಟ್ಟಿಸುವ ತನಕ ಜೀವ ಹಿಡಿದಿದ್ದ ಹಕ್ಕಿ ಅದು. ಬೆಟ್ಟ ಹತ್ತುವಾಗ ಮಕ್ಕಳಿಗೆ ಆ ಕಥೆ ಹೇಳಿ. ಬಂಡೆಯ ಮೇಲೆ ತಮ್ಮ ಹೆಸರು ಗೀಚಬಾರದೆಂಬುದನ್ನೂ ಹೇಳಿ. ಈ ಓಲೆಯನ್ನು ಇನ್ನೂ ಮುಂದಿನವರು ಓದಬೇಕಾಗಿದೆ.