ಥರ್ಮಾಮೀಟರಿಗೆ ಕಾಣದ ಬಿಸಿ (ನೀರಿನ ಕತೆ – 3)

ಮೊದಲನೇ ಫೋಟೋದಲ್ಲಿ ಕೊಪ್ಪರಿಗೆ ಮೇಲೆ ಬೆಳ್ಳಗೆ ಏಳ್ತಾ ಇರೋದು ಹೊಗೆ ಅಲ್ಲ. ನಿಜ ಹೇಳ್ಬೇಕು ಅಂದ್ರೆ ಆವಿಯೂ ಅಲ್ಲ! ನೀರಾವಿ ಕಣ್ಣಿಗೆ ಕಾಣೋದೇ ಇಲ್ಲ. ಮೇಲೆದ್ದ ಆವಿಗೆ ತಣ್ಣನೆ ಗಾಳಿ ತಾಗಿ, ಅದು ಮತ್ತೆ ಸಣ್ಣ ಸಣ್ಣ ನೀರಹನಿ ಆಗುತ್ತಲ್ಲ, ನಮಗೆ ಕಾಣೋದು ಅದು. ಹೇರೂರಿನ ಚಳಿಗಾಲದ ಬೆಳಗ್ಗೆ ತೋಟದ ಮೇಲೆ ಕೂರೋ ಇಬ್ಬನಿ ಮಂಜೂ ಇದೇ ಜಾತಿಯದು.

ಕಳೆದ ಪೋಸ್ಟಿಗೆ ಕ್ಲಾಸಿನವರು ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಗುಪ್ತೋಷ್ಣ ಅಂದ್ರೆ ಎಂತದು? ಡೆಫಿನಿಷನ್ ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ." ಅದಕ್ಕೆ ಈ ಸಲ ನಿಮ್ಮನ್ನ ಆಲೆಮನೆಗೆ ಕರ್ಕೊಂಡು ಬಂದಿದೀನಿ. ಬೇರೆ ಊರಿನವರಿಗೆ ಒಂದು ಮಾತು: ಕಬ್ಬು ಅರೆದು, ರಸ ಕಾಯಿಸಿ ಬೆಲ್ಲ ಮಾಡೋ ಜಾಗ ಆಲೆಮನೆ. ಆ ರಸಕ್ಕೆ ನಾವು ಕಬ್ಬಿನ ಹಾಲು ಅಂತೀವಿ. ಸಿರ್ಸಿ, ಸಿದ್ದಾಪುರದ ಕಡೆ ಮನೆಗೆ ಬೇಕಾಗೋದು ಅಚ್ಚು ಬೆಲ್ಲ ಅಲ್ಲ, ಸುರಿಯೋಕೆ ಬರೋ ಜೋನಿ ಬೆಲ್ಲ. ದೋಸೆಗೂ ಅದೇ, ತೊಡದೇವಿಗೂ ಅದೇ.

ಎರಡನೇ ಫೋಟೋ ನೋಡಿ. ಕಬ್ಬಿನ ಹಾಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. ಬೆಲ್ಲ ಮಾಡೋದು ಅಂದ್ರೆ ಹೊಸದಾಗಿ ಏನನ್ನೋ ಹುಟ್ಟಿಸೋದಲ್ಲ, ಆ ನೀರನ್ನ ಓಡಿಸೋದು. ಕುದಿ ಬರೋದು ಬೇಗ. ಆಮೇಲೆ ನೋಡಿ ತಮಾಷೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕ್ತಾನೇ ಇರ್ತಾರೆ, ಬೆಂಕಿ ಧಗಧಗ ಉರೀತಾನೇ ಇರುತ್ತೆ, ಆದ್ರೆ ಹಾಲಿನ ಬಿಸಿ ಮಾತ್ರ ಏರೋದೇ ಇಲ್ಲ. ಗಂಟೆಗಟ್ಟಲೆ ಹೆಚ್ಚುಕಮ್ಮಿ ಅಲ್ಲೇ. ಹಾಗಾದ್ರೆ ಅಷ್ಟೂ ಬಿಸಿ ಎಲ್ಲಿ ಹೋಯ್ತು?

ನೀರಿನ ಜೊತೆ ಹೋಯ್ತು.

ದ್ರವದಲ್ಲಿ ನೀರಿನ ಕಣಗಳು ಒಂದಕ್ಕೊಂದು ಕೈ ಹಿಡ್ಕೊಂಡಿರ್ತವೆ. ಆ ಹಿಡಿತ ಬಿಡಿಸೋಕೇ ಬಿಸಿ ಖರ್ಚಾಗುತ್ತೆ, ಉಷ್ಣಾಂಶ ಏರಿಸೋಕೆ ಏನೂ ಉಳಿಯಲ್ಲ. ಲೆಕ್ಕ ನೋಡಿ: ನಮ್ಮ ಘಟ್ಟದ ಮೇಲಿನ ಊರುಗಳ ಎತ್ತರದಲ್ಲಿ ನೀರು ಕುದಿಯೋದು ಸುಮಾರು 98 ಡಿಗ್ರಿಗೆ. 1 ಲೀಟರ್ ನೀರನ್ನ 25ರಿಂದ 98ಕ್ಕೆ ತರೋಕೆ 73 ಕಿಲೋಕ್ಯಾಲೋರಿ ಸಾಕು. ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಇನ್ನೂ ಸುಮಾರು 540 ಬೇಕು. ಏಳು ಪಟ್ಟಿಗೂ ಹೆಚ್ಚು! ಮಂಜುಗಡ್ಡೆ ಕರಗಿಸೋಕೆ ಕಿಲೋಗೆ 80 ಸಾಕು. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಅನ್ನೋ ವಿಜ್ಞಾನಿ ಈ ಅಡಗಿದ ಬಿಸಿಯನ್ನ ಅಳೆದು ತೋರಿಸಿದ. ಗುಪ್ತೋಷ್ಣ ಅನ್ನೋದು ಇದನ್ನೇ.

ನೀರು ಕಡಿಮೆ ಆಗಿ ಸಕ್ಕರೆ ಅಂಶ ದಪ್ಪ ಆದ ಹಾಗೆ ಕುದಿಯೋ ಬಿಂದು ಮೇಲೇರುತ್ತೆ. ಪುಸ್ತಕದ ಪ್ರಕಾರ ಜೋನಿಗೆ 105ರ ಆಸುಪಾಸು, ಅಚ್ಚು ಬೆಲ್ಲಕ್ಕೆ 115ರ ಹತ್ತಿರ. ಅಜ್ಜನ ಹತ್ರ ಥರ್ಮಾಮೀಟರ್ ಇಲ್ಲ. ಸಟ್ಟುಗದಿಂದ ಒಂದು ಹನಿ ತಗೊಂಡು, ಆರಿಸಿ, ಎರಡು ಬೆರಳ ನಡುವೆ ಎಳೆದು ನೋಡ್ತಾರೆ (ಮೂರನೇ ಫೋಟೋ). "ಇನ್ನೂ ನೀರಿದ್ದು ಕೂಸೆ, ತಡಿ." ಅವರು ಬಿಸಿ ಅಳೀತಾ ಇಲ್ಲ, ಉಳಿದ ನೀರನ್ನ ಅಳೀತಾ ಇದ್ದಾರೆ. ಬೇಗ ಇಳಿಸಿದ್ರೆ ನೀರು ಹೆಚ್ಚಾಗಿ ಬೆಲ್ಲ ಹುಳಿ ಬರುತ್ತೆ, ತಡ ಆದ್ರೆ ಗಟ್ಟಿ ಕಟ್ಟುತ್ತೆ. ಇಡೀ ವರ್ಷದ ಬೆಲ್ಲ ಆ ಒಂದು ಎಳೆ ಮೇಲೆ ನಿಂತಿರುತ್ತೆ.

ಇಲ್ಲೊಂದು ಎಚ್ಚರಿಕೆ. ಒಳಗೆ ತುಂಬ್ಕೊಂಡ ಬಿಸಿಯನ್ನ ಆವಿ ಇಟ್ಕೊಂಡೇ ಹೋಗಲ್ಲ, ಮತ್ತೆ ನೀರಾಗೋವಾಗ ಪೂರ್ತಿ ವಾಪಸ್ ಕೊಡುತ್ತೆ. ಅದು ನಮ್ಮ ಕೈ ಮೇಲೆ ನೀರಾದ್ರೆ? ಕುದಿ ನೀರಿಗಿಂತ ಆವಿಯ ಸುಟ್ಟಗಾಯ ಜೋರಾಗೋದು ಅದಕ್ಕೇ. ಇಡ್ಲಿ ಪಾತ್ರೆ ಮುಚ್ಚಳ ಯಾವಾಗ್ಲೂ ನಿಮ್ಮಿಂದ ಆಚೆ ಕಡೆ ತೆರೀರಿ. ಸುಟ್ಟರೆ 20 ನಿಮಿಷ ಹರಿಯೋ ತಣ್ಣೀರು ಬಿಡಿ. ಐಸ್ ಬೇಡ, ಟೂತ್‌ಪೇಸ್ಟೂ ಬೇಡ.

ಕೊನೇ ಫೋಟೋ ಬೆಲ್ಲದ್ದಲ್ಲ, ನಮ್ಮನೆ ಅಡಿಕೆಯದು. ಇದನ್ನ ಬರೀಬೇಕು ಅಂತಾನೇ ಇಷ್ಟೆಲ್ಲ ಹೇಳಿದ್ದು.

ಚಾಲಿ ಅಡಿಕೆ ಬಿಸಿಲಲ್ಲಿ ಒಣಗೋಕೆ ಹತ್ತಿರ ಹತ್ತಿರ ಆರು ವಾರ ಬೇಕು. ಅಲ್ಲೂ ಕೆಲಸ ಒಂದೇ, ನೀರನ್ನ ಆವಿ ಮಾಡಿ ಕಳಿಸೋದು. ಆ ದೊಡ್ಡ ಖರ್ಚನ್ನ ಸೂರ್ಯ ಪುಕ್ಕಟೆ ಕೊಡ್ತಾನೆ, ಅದಕ್ಕೆ ನಮಗೆ ಗೊತ್ತಾಗಲ್ಲ. ಹೋದ ಕೊಯ್ಲಲ್ಲಿ ಮಳೆ ಬಿಡ್ಲೇ ಇಲ್ಲ. ಅಪ್ಪಯ್ಯ ಅಂಗಳದ ಅಡಿಕೆಯನ್ನೆಲ್ಲ ತಗಡಿನ ಮಾಡಿನ ಕೋಣೆಗೆ ತುಂಬಿ, ಬಿಸಿ ಹೊರಗೆ ಹೋಗಬಾರದು ಅಂತ ಬಾಗಿಲು ಕಿಟಕಿ ಮುಚ್ಚಿ, ರಾತ್ರಿಯಿಡೀ ಕಟ್ಟಿಗೆ ಉರಿಸಿದ್ರು. ನನ್ನ ಹಾಸ್ಟೆಲ್ ಫೀಸು, ಸೊಸೈಟಿ ಸಾಲದ ಕಂತು, ಎಲ್ಲ ಆ ರಾಶಿಯಲ್ಲೇ ಇತ್ತು.

ಮೂರನೇ ದಿನ ಬೆಳಗ್ಗೆ ಒಳಗೆ ಹೋದೆ. ಕೋಣೆ ಬೆಚ್ಚಗಿದೆ, ಅಡಿಕೆ ಮಾತ್ರ ಒದ್ದೆ. ತಲೆ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಮಾಡು ಸೋರ್ತಿದೆಯಾ ಅಂತ ನೋಡಿದ್ರೆ ಎಲ್ಲೂ ತೂತಿಲ್ಲ. ತಗಡಿನ ಒಳಮೈ ತುಂಬಾ ಹನಿಗಳ ಸಾಲು! ಕಟ್ಟಿಗೆಯ ಬಿಸಿಗೆ ಅಡಿಕೆಯ ನೀರು ಆವಿ ಆಗಿ ಮೇಲೇರಿದೆ, ಹೊರಗೆ ಹೋಗೋಕೆ ದಾರಿ ಇಲ್ಲ, ಹೊರಗಿನ ಮಳೆಗೆ ತಣ್ಣಗಾದ ತಗಡಿಗೆ ತಾಗಿ ಮತ್ತೆ ನೀರಾಗಿ ಅದೇ ಅಡಿಕೆ ಮೇಲೆ ಬಿದ್ದಿದೆ. ಅಂದ್ರೆ ಒಂದು ರಾಶಿ ಕಟ್ಟಿಗೆ ಖರ್ಚಾಗಿದ್ದು ತಗಡು ಬಿಸಿ ಮಾಡೋಕೆ.

ನೀರು ಆವಿ ಆದ್ರೆ ಸಾಲದು, ಆವಿ ಅಲ್ಲಿಂದ ಹೊರಡಬೇಕು. ತುಂಬಿದ ಬಸ್ಸಿಗೆ ಇನ್ನೊಬ್ಬರು ಹತ್ತೋಕಾಗಲ್ಲ, ಹಾಗೇ ತೇವ ತುಂಬಿದ ಗಾಳಿಗೂ. ಮಳೆಗಾಲದಲ್ಲಿ ನಮ್ಮ ಯೂನಿಫಾರ್ಮ್ ಒಣಗದೇ ಇರೋದೂ ಇದೇ ಕಾರಣಕ್ಕೆ.

ಅಪ್ಪಯ್ಯಂಗೆ ಹೇಳಿದೆ. "ಕಿಟಕಿ ತೆಗೆದ್ರೆ ಬಿಸಿಯೆಲ್ಲ ಹೋಗ್ತು" ಅಂದ್ರು. ಹೋಗುತ್ತೆ, ಆದ್ರೆ ನೀರನ್ನೂ ಕರ್ಕೊಂಡು ಹೋಗುತ್ತೆ ಅಂದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಎದ್ದು ಅವರೇ ಮಾಡಿನ ಹತ್ತಿರದ ಎರಡು ಹಲಗೆ ಕಿತ್ತು, ಕೆಳಗೆ ಬಾಗಿಲನ್ನ ನಾಲ್ಕು ಬೆರಳಷ್ಟು ತೆರೆದಿಟ್ರು. ಮಾರನೇ ಬೆಳಗ್ಗೆ ತಗಡಿನ ಹನಿ ನಿಂತಿತ್ತು. ಅಷ್ಟರಲ್ಲಿ ಒಂದಷ್ಟು ಅಡಿಕೆಗೆ ಬೂಷ್ಟು ಹಿಡಿದಾಗಿತ್ತು, ಅದಕ್ಕೆ ಒಳ್ಳೆ ರೇಟು ಸಿಗ್ಲಿಲ್ಲ. ಉಳಿದದ್ದು ಉಳೀತು, ಫೀಸು ಕಟ್ಟಾಯ್ತು. ಆ ಎರಡು ಹಲಗೆ ಜಾಗಕ್ಕೆ ಅಪ್ಪಯ್ಯ ಈಗ ಜಾಲರಿ ಹಾಕಿದ್ದಾರೆ.

ನಿಮ್ಮನೆಲಿ ಮಳೆ ಬಂದಾಗ ಅಡಿಕೆ, ಭತ್ತ, ಹಪ್ಪಳ ಹೇಗೆ ಒಣಗಿಸ್ತೀರಿ? ಕಾಮೆಂಟಲ್ಲಿ ಬರೀರಿ, ಯಾರಿಗಾದ್ರೂ ಉಪಯೋಗ ಆಗುತ್ತೆ. ಮುಂದಿನ ಭಾಗ: ಬೇಸಿಗೆ ಸೆಕೆಯಲ್ಲಿ ಆಕಾಶದಿಂದ ಆಲಿಕಲ್ಲು ಬೀಳೋದು ಹೇಗೆ?

#ನೀರಿನಕತೆ #ಆಲೆಮನೆ #ಜೋನಿಬೆಲ್ಲ #ಹೇರೂರು #ಕನ್ನಡದಲ್ಲಿವಿಜ್ಞಾನ