ಮೊಲಕ್ಕೆ ಎಷ್ಟು ಹಲ್ಲು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರನ್ನು ಇಪ್ಪತ್ತೊಂಬತ್ತು ವರ್ಷಗಳ ನನ್ನ ಉಪಾಧ್ಯಾಯಿನಿ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಕೆಲವರು ವಿದ್ಯಾರ್ಥಿಗಳು, ಹೆಚ್ಚಿನವರು ಸಹೋದ್ಯೋಗಿಗಳು. ಆದರೆ ಮೊಲದ ಕಾಲಿನ ಬಗ್ಗೆ ಇಷ್ಟೊಂದು ವಾದ ಮಾಡುವ ನಾವು, ಅದಕ್ಕೆ ಹಲ್ಲು ಎಷ್ಟು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಮೊಲಕ್ಕೆ ಇಪ್ಪತ್ತೆಂಟು ಹಲ್ಲು. ಮುಂದೆ ಆರು ಬಾಚಿಹಲ್ಲು, ಒಳಗೆ ಇಪ್ಪತ್ತೆರಡು ದವಡೆಹಲ್ಲು. ಮೇಲಿನ ಬಾಚಿಹಲ್ಲು ನೋಡುವುದಕ್ಕೆ ಎರಡೇ. ಅವುಗಳ ಬೆನ್ನ ಹಿಂದೆ ಅಕ್ಕಿನುಚ್ಚಿನಂಥ ಇನ್ನೆರಡು ಅಡಗಿ ಕುಳಿತಿರುತ್ತವೆ. ಇಲಿ, ಅಳಿಲುಗಳಿಗೆ ಈ ಪುಟ್ಟ ಹಲ್ಲುಗಳಿಲ್ಲ. ಮೊಲವನ್ನು ಇಲಿಯ ಗುಂಪಿನಿಂದ ಬಿಡಿಸಿ ಬೇರೆ ಗಣವೆಂದು ೧೯೧೨ರಲ್ಲಿ ವಿಜ್ಞಾನಿಗಳು ಹೇಳಿದ್ದಕ್ಕೆ ಇದೂ ಒಂದು ಆಧಾರ.

ಕನ್ನಡ ಪಾಠ ಮಾಡುವ ನನಗೆ ಈ ಲೆಕ್ಕವೆಲ್ಲ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಮ್ಮ ಮನೆಯ ಚುಕ್ಕಿಯ ಇಪ್ಪತ್ತೆಂಟರಲ್ಲಿ ಆರನ್ನು ಕೀಳಿಸಿದ್ದರಿಂದ ಗೊತ್ತು.

ಚುಕ್ಕಿ ನಮ್ಮ ಮನೆಗೆ ಬಂದದ್ದು ೨೦೨೩ರ ಬೇಸಿಗೆ ರಜೆಯಲ್ಲಿ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ, ತನ್ನ ಗೆಳೆಯನ ಬಾಡಿಗೆ ಮನೆಯಲ್ಲಿ ಸಾಕಲು ಬಿಡಲಿಲ್ಲವೆಂದು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಹಾಸನಕ್ಕೆ ಬಂದಿಳಿದ. ಬಿಳಿ ಮೈ, ಹಣೆಯ ಮೇಲೊಂದು ಕಪ್ಪು ಬೊಟ್ಟು, ಮೊಂಡು ಮೂತಿಯ ಕುಳ್ಳ ಜಾತಿ. ನಮ್ಮ ಹೊಲಗದ್ದೆಗಳ ಕಾಡುಮೊಲವಲ್ಲ. ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ಸಾಕುವಂತಿಲ್ಲ. ಇದು ಯೂರೋಪಿನ ಮೂಲದ ಸಾಕುಮೊಲ. "ಎರಡೇ ವಾರ ಅಮ್ಮ" ಎಂದ ಮಗ. ಗಂಡುಮಕ್ಕಳ ಎರಡು ವಾರ ಎಂದರೆ ಎಷ್ಟು ಎಂಬುದು ತಾಯಂದಿರಿಗೆಲ್ಲ ಗೊತ್ತಿರುವುದೇ.

ಅದರ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆ. ಅವರ ಬಾಯಲ್ಲಿ ಸ್ವಂತದ ಹಲ್ಲು ಒಂದೂ ಇಲ್ಲ. ಕಟ್ಟಿಸಿಕೊಟ್ಟ ಸೆಟ್ಟು ಬಟ್ಟಲಲ್ಲಿ ನೀರು ಕುಡಿಯುತ್ತಾ ಕೂತಿರುತ್ತದೆ. ಹಿತ್ತಲ ಬಾಗಿಲಲ್ಲಿ ಕುಳಿತು ಚುಕ್ಕಿಯನ್ನು ನೋಡುತ್ತಿದ್ದವರು ಬಂದು ವಾರವಾಗುವಷ್ಟರಲ್ಲೇ ನನ್ನನ್ನು ಕರೆದರು.

"ನೋಡೇ, ಇದು ಗರಿಕೆ ಹತ್ರ ಓಡಿ ಬರುತ್ತೆ, ಮೂಸುತ್ತೆ, ಬಾಯಿ ಹಾಕುತ್ತೆ, ಬಿಟ್ಟು ಹೋಗುತ್ತೆ. ಹಸಿವಿಲ್ಲದ್ದು ಹತ್ರಾನೇ ಬರೋದಿಲ್ಲ. ಇದಕ್ಕೆ ಹಸಿವಿದೆ, ಹಲ್ಲು ಸರಿ ಇಲ್ಲ. ನನಗೆ ಗೊತ್ತು ಕಣೇ ಆ ಸಂಕಟ."

ಗದ್ದ ಮುಟ್ಟಿ ನೋಡಿದೆ, ಜೊಲ್ಲಿನಿಂದ ಒದ್ದೆಯಾಗಿತ್ತು. ತುಟಿ ಎತ್ತಿ ನೋಡಿದೆ. ಕೆಳಗಿನ ಎರಡು ಹಲ್ಲು ಆನೆಯ ದಂತದ ಹಾಗೆ ಮುಂದಕ್ಕೆ ಚಾಚಿದ್ದವು. ಮೇಲಿನವು ಬಾಯೊಳಕ್ಕೆ ಬಾಗತೊಡಗಿದ್ದವು.

ಊರಿನ ಪಶುವೈದ್ಯರು ಒಳ್ಳೆಯ ಮನುಷ್ಯರು. "ಮೇಡಂ, ನನ್ನ ಕೈ ಪಳಗಿರೋದು ಹಸು ಎಮ್ಮೆಗೆ. ಇದಕ್ಕೆ ಬೆಂಗಳೂರಿಗೇ ಹೋಗಿ. ಆದರೆ ಯಾರಾದರೂ ಉಗುರು ಕತ್ತರಿಸೋ ಕಟರ್‌ನಲ್ಲಿ ಕತ್ತರಿಸಿಕೊಡ್ತೀನಿ ಅಂದರೆ ಒಪ್ಪಬೇಡಿ" ಎಂದರು. ಹಾಗೆ ಚಿವುಟಿದರೆ ಹಲ್ಲು ಉದ್ದಕ್ಕೆ ಸೀಳಿ, ಸೀಳು ಬೇರಿನವರೆಗೂ ಇಳಿದು, ಕೀವಾಗುತ್ತದೆಯಂತೆ. ತಿರುಗುವ ಸಣ್ಣ ಚಕ್ರದಿಂದ ಉಜ್ಜಿ ಸವೆಸಬೇಕಂತೆ.

ಬೆಂಗಳೂರಿನ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಒಂದು ಹಾಳೆಯ ಮೇಲೆ ಚಿತ್ರ ಬರೆದು ನನಗೆ ಪಾಠ ಹೇಳಿದಳು. ಮೊಲದ ಹಲ್ಲು ನಮ್ಮ ಹಲ್ಲಿನ ಹಾಗೆ ಬೆಳೆದು ನಿಲ್ಲುವುದಿಲ್ಲ, ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ನಾಲ್ಕು ಅಂಗುಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಉಜ್ಜಿಕೊಂಡು, ಹುಲ್ಲನ್ನು ಅಡ್ಡಡ್ಡ ಅರೆದು, ಬೆಳೆದಷ್ಟೂ ಸವೆಯಬೇಕು. ಹುಲ್ಲಿನಲ್ಲಿ ಮರಳಿನ ಅಂಶವೇ ಆದ ಸಿಲಿಕಾ ಇದೆ. ಅದೇ ಅದರ ಅರ. ಮೆತ್ತಗಿನ ತಿಂಡಿ ತಿಂದು ಬೆಳೆದ ಮೊಲಗಳಿಗೆ ದವಡೆಹಲ್ಲು ಸವೆಯದೆ, ಅಂಚು ಮುಳ್ಳಾಗಿ ಬೆಳೆದು, ಕೆಳಗಿನದು ನಾಲಿಗೆಯನ್ನೂ ಮೇಲಿನದು ಕೆನ್ನೆಯನ್ನೂ ಕೊರೆಯುತ್ತದೆ. ನಮ್ಮ ಚುಕ್ಕಿಯದು ಆ ಬಗೆಯದಲ್ಲ. ಮೂತಿ ಮೊಂಡಾದ ಜಾತಿಗಳಲ್ಲಿ ಹುಟ್ಟಿನಿಂದಲೇ ಮೇಲ್ದವಡೆ ಗಿಡ್ಡ. ಮೇಲಿನ ಹಲ್ಲಿಗೆ ಕೆಳಗಿನದು ಸಿಗುವುದೇ ಇಲ್ಲ. ಸಿಗದಿದ್ದರೆ ಸವೆಯುವುದು ಹೇಗೆ? ಮುದ್ದಾಗಿ ಕಾಣಲಿ ಎಂದು ಮನುಷ್ಯ ತಳಿಯೆಬ್ಬಿಸಿದ ಮೂತಿ ಅದು. ಮುದ್ದು ನಮಗೆ, ಹಲ್ಲುನೋವು ಅದಕ್ಕೆ.

ಅವತ್ತು ಉಜ್ಜಿ ಸರಿಮಾಡಿದಳು. ತಿಂಗಳಾಗುವಷ್ಟರಲ್ಲಿ ಮತ್ತೆ ಬೆಳೆಯಿತು. ಹೀಗೆ ನಾಲ್ಕು ಸಲ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಹಾಸನ ಬೆಂಗಳೂರು ಓಡಾಡಿದೆವು. ನಾಲ್ಕನೆಯ ಸಲ ವೈದ್ಯೆ ಹೇಳಿದಳು: "ಮೇಡಂ, ಬದುಕಿರೋವರೆಗೂ ಹೀಗೇ ಉಜ್ಜಿಸ್ತಾ ಇರಬಹುದು. ಇಲ್ಲಾಂದ್ರೆ ಆರೂ ಬಾಚಿಹಲ್ಲು ತೆಗೆದುಬಿಡಬಹುದು. ದವಡೆಹಲ್ಲು ಚೆನ್ನಾಗಿವೆ. ನೀವು ಹೆಚ್ಚಿ ಕೊಟ್ಟರೆ ತುಟಿಯಲ್ಲಿ ಎತ್ತಿಕೊಂಡು ಅರೆದು ತಿನ್ನುತ್ತೆ." ಅಪಾಯ ಎಷ್ಟು ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಬ್ರಿಟನ್ನಿನಲ್ಲಿ ಸಾವಿರಾರು ಪ್ರಾಣಿಗಳ ಲೆಕ್ಕವಿಟ್ಟು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿವಳಿಕೆ ಕೊಟ್ಟಾಗ ಸತ್ತ ನಾಯಿಗಳು ನೂರಕ್ಕೆ ೦.೧೭, ಬೆಕ್ಕುಗಳು ೦.೨೪, ಮೊಲಗಳು ೧.೩೯. ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಿದರೆ ಅಪಾಯ ಕಡಿಮೆ, ಸೊರಗಿದ ಮೇಲೆ ಹೆಚ್ಚು ಎಂದಳು.

ನಮ್ಮವರು ಇದನ್ನು ಕೇಳಿ, "ನೂರಕ್ಕೆ ತೊಂಬತ್ತೆಂಟೂವರೆ ಬಂದರೆ ನಿಮ್ಮ ಸ್ಕೂಲಲ್ಲಿ ರ‍್ಯಾಂಕ್ ಅಲ್ಲವೇನೇ?" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ರಾತ್ರಿ ನಿದ್ದೆ ಬಾರದಿದ್ದಾಗ ಮನಸ್ಸು ಹಿಡಿದುಕೊಳ್ಳುವುದು ಆ ಉಳಿದ ಒಂದೂವರೆಯನ್ನೇ. ಮಗಳ ಹೆರಿಗೆಗೆ, ಗಂಡನ ಆಪರೇಷನ್ನಿಗೆ ಸಹಿ ಹಾಕುವಾಗ ಅವರ ಒಪ್ಪಿಗೆಯೂ ಜೊತೆಗಿರುತ್ತದೆ. ಇಲ್ಲಿ ಒಪ್ಪಿಗೆ ಕೇಳಬೇಕಾದ ಜೀವ ನನ್ನ ಸೆರಗಿನೊಳಗೆ ಮೂಗು ತೂರಿಸಿ ಕುಳಿತಿತ್ತು.

ಶಾಲೆಯಲ್ಲಿ ಸುದ್ದಿ ಹಬ್ಬಿತು. "ಮೊಲಕ್ಕೆ ಆಪರೇಷನ್ನೇ! ಆ ದುಡ್ಡಲ್ಲಿ ಹತ್ತು ಹೊಸ ಮೊಲ ಬರುತ್ತಲ್ರೀ" ಎಂದರು ಗಣಿತದ ಮೇಷ್ಟ್ರು. ಮನೆಗೆ ಬಂದು ಈ ಮಾತು ಹೇಳಿದಾಗ ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು. "ನನ್ನ ಹಲ್ಲೆಲ್ಲ ಹೋದಾಗ ನೀವ್ಯಾರೂ ಹೊಸ ಅತ್ತೆ ತರಲಿಲ್ಲವಲ್ಲ. ಹೋಗಿ ಮಾಡಿಸಿಕೊಂಡು ಬಾ."

ದಸರಾ ರಜೆಯಲ್ಲಿ ದಿನ ಗೊತ್ತಾಯಿತು. ಆಪರೇಷನ್ನಿಗೆ ಮೊದಲು ಮನುಷ್ಯರಿಗೆ ಉಪವಾಸ, ಮೊಲಕ್ಕೆ ಉಪವಾಸವಿಲ್ಲ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಆ ಭಯವಿಲ್ಲ. ಅದರ ಕರುಳು ನಿಂತರೆ ಪ್ರಾಣವೇ ನಿಂತಂತೆ, ಆದ್ದರಿಂದ ಹೊಟ್ಟೆ ಖಾಲಿ ಬಿಡುವಂತಿಲ್ಲ. ಒಂದು ಚೀಲ ಗರಿಕೆ, ಕೊತ್ತಂಬರಿ ಸೊಪ್ಪು ಕಟ್ಟಿಕೊಂಡು ಹೊರಟೆವು. ಎಕ್ಸ್-ರೇ ತೆಗೆದು ಬೇರುಗಳ ಬಾಗು ನೋಡಿಕೊಂಡರು. ಹಲ್ಲು ಬಿಲ್ಲಿನ ಹಾಗೆ ಬಾಗಿರುವುದರಿಂದ ನೇರಕ್ಕೆ ಎಳೆಯುವಂತಿಲ್ಲ. ಸುತ್ತಲಿನ ಹಿಡಿತವನ್ನು ನಿಧಾನವಾಗಿ ಸಡಿಲಿಸಿ, ಅದರ ಬಾಗಿನ ದಾರಿಯಲ್ಲೇ ಬಿಡಿಸಬೇಕು. ಬುಡದಲ್ಲಿ ಚಿಗುರುವ ಅಂಶ ಉಳಿದರೆ ಹಲ್ಲು ಮತ್ತೆ ಬರುತ್ತದೆ. ನಾನೂ ಮಗನೂ ಹೊರಗಿನ ಬೆಂಚಿನಲ್ಲಿ ಒಂದೂವರೆ ಗಂಟೆ ಕುಳಿತೆವು. ಅವನು ಒಂದು ಮಾತೂ ಆಡಲಿಲ್ಲ. ಚಿಕ್ಕವನಾಗಿದ್ದಾಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ಹಿಡಿದುಕೊಳ್ಳುತ್ತಿದ್ದಂತೆ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದ.

ವೈದ್ಯೆ ಹೊರಬಂದು ಒಂದು ತಟ್ಟೆ ತೋರಿಸಿದಳು. ಆರು ಹಲ್ಲು. ನಾಲ್ಕು ಉದ್ದ, ಎರಡು ನುಚ್ಚು.

ಆಪರೇಷನ್ ವೈದ್ಯರದು, ಆರೈಕೆ ನಮ್ಮದು. ನಿಜವಾದ ಪರೀಕ್ಷೆ ಶುರುವಾದದ್ದು ಮನೆಗೆ ಬಂದ ಮೇಲೆಯೇ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ತುರ್ತಾಗಿ ವೈದ್ಯರನ್ನು ಕಾಣಬೇಕು. ಸೂಜಿಯಿಲ್ಲದ ಸಿರಿಂಜಿನಲ್ಲಿ, ನೆನೆಸಿ ಕಿವುಚಿದ ಆಹಾರವನ್ನು ಗಂಜಿಯ ಹದಕ್ಕೆ ತಂದು, ಬಾಯಿಯ ಪಕ್ಕದ ಸಂದಿನಿಂದ ಹನಿಹನಿಯಾಗಿ ಕೊಡಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ದಿನಕ್ಕೆ ಐದು ಸಲ. ನೋವಿಗೆ ಮೆಲಾಕ್ಸಿಕಾಮ್ ಹನಿ. ನಮಗೆ ಮನೆಮಾತಾಗಿರುವ ಅಮಾಕ್ಸಿಸಿಲಿನ್ ಬಾಯಿಗೆ ಮುಟ್ಟಿಸಲೂ ಕೂಡದು. ಅದು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಕೊಂದುಬಿಡುತ್ತದೆ.

ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ಹೊತ್ತು, ತಿಂದದ್ದು, ಹಿಕ್ಕೆ ಎಂದು ಮೂರು ಕಲಂ ಎಳೆದೆ. ಮೊದಲ ರಾತ್ರಿ ಮೂರನೆಯ ಕಲಂ ಖಾಲಿ. ಚುಕ್ಕಿ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ ಕುಳಿತಿತ್ತು. ಮೊಲ ಅಳುವುದಿಲ್ಲ, ಕೂಗುವುದೂ ಅಪರೂಪ. ಹದ್ದು ನರಿಗಳ ಬಾಯಿಗೆ ಬೀಳುವ ಪ್ರಾಣಿ ನೋವನ್ನು ತೋರಿಸಿದರೆ ಅದೇ ಅದರ ಕೊನೆ. ಹಾಗಾಗಿ ಅದರ ನೋವನ್ನು ಮುಖದಲ್ಲೇ ಓದಬೇಕು. ಕಣ್ಣು ಎಷ್ಟು ಕಿರಿದಾಗಿದೆ, ಕೆನ್ನೆ ಎಷ್ಟು ಚಪ್ಪಟೆಯಾಗಿದೆ, ಮೂಗಿನ ಹೊಳ್ಳೆ, ಮೀಸೆ, ಕಿವಿ ಹೇಗಿವೆ ಎಂಬ ಐದು ಗುರುತುಗಳಿಂದ ಮೊಲದ ನೋವನ್ನು ಅಳೆಯುವ ಕ್ರಮವೊಂದು ೨೦೧೨ರಲ್ಲಿ ಪ್ರಕಟವಾಯಿತು. ಹಲ್ಲು ಕಡಿಯುವುದರಲ್ಲೂ ಎರಡು ಬಗೆ: ತಲೆ ಸವರಿದಾಗ ಮೆಲ್ಲಗೆ ಕಡಿದರೆ ಸಂತೋಷ, ಸುಮ್ಮನೆ ಕುಳಿತು ಗಟ್ಟಿಯಾಗಿ ಕಡಿದರೆ ನೋವು.

ಆ ರಾತ್ರಿ ಚುಕ್ಕಿಯ ಮುಖ ನೋಡುತ್ತಾ ನನ್ನ ತರಗತಿಯ ಮಕ್ಕಳೆಲ್ಲ ಕಣ್ಣೆದುರು ಬಂದರು. ಅಳುವ ಮಗುವನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. "ಏನಿಲ್ಲ ಟೀಚರ್" ಎಂದು ಬುತ್ತಿಯ ಮುಚ್ಚಳ ಹಾಕುವ ಮಗು ಇದೆಯಲ್ಲ, ಉಪಾಧ್ಯಾಯಿನಿಗೆ ಸಂಬಳ ಕೊಡುವುದು ಆ ಮಗುವನ್ನು ನೋಡುವುದಕ್ಕೆ. ಏನು ಹೇಳಿತು ಎಂಬುದನ್ನಲ್ಲ, ಎಷ್ಟು ಉಳಿಸಿತು ಎಂಬುದನ್ನು ನೋಡಬೇಕು.

ಬೆಳಗಿನ ಜಾವ ನಾಲ್ಕೂವರೆಗೆ ಅತ್ತೆ ಕೂಗಿದರು: "ಎದ್ದೇಳೇ, ಬಿತ್ತು!" ಹಾಸಿದ್ದ ಪತ್ರಿಕೆಯ ಮೇಲೆ ಕಡಲೆಕಾಳಿಗಿಂತ ಚಿಕ್ಕದಾದ ಐದು ಹಿಕ್ಕೆ. ಆ ಪತ್ರಿಕೆಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲವೆಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ಮೂರನೆಯ ದಿನ ಕೊತ್ತಂಬರಿ ಸೊಪ್ಪನ್ನು ತಾನೇ ತುಟಿಯಲ್ಲಿ ಎತ್ತಿಕೊಂಡಿತು. ಹತ್ತನೆಯ ದಿನಕ್ಕೆ ಸಿರಿಂಜು ಬೇಡವಾಯಿತು.

ಚುಕ್ಕಿ ಈಗಲೂ ನಮ್ಮಲ್ಲೇ ಇದೆ. ಮೈಯ ಕೂದಲು ಬಾಚಿಕೊಳ್ಳುವುದಕ್ಕೂ ಮೊಲಕ್ಕೆ ಬಾಚಿಹಲ್ಲೇ ಬೇಕಾದ್ದರಿಂದ ಆ ಕೆಲಸ ಅತ್ತೆಯ ಹಣಿಗೆಯ ಪಾಲಿಗೆ ಬಂದಿದೆ. ದವಡೆಹಲ್ಲುಗಳ ಮೇಲೂ ಕಣ್ಣಿಡಬೇಕು, ಆಗಾಗ ತೋರಿಸಿಕೊಂಡು ಬರುತ್ತೇವೆ. ಬೆಳಗ್ಗೆ ಅತ್ತೆ ಗರಿಕೆಯನ್ನು ಎರಡು ಪಾಲು ಮಾಡುತ್ತಾರೆ. ಎಳೆ ಕುಡಿಗಳು ಗಣಪತಿಗೆ. ಉಳಿದದ್ದನ್ನು ಈಳಿಗೆಮಣೆಯ ಮೇಲೆ ಬೆರಳುದ್ದಕ್ಕೆ ಹೆಚ್ಚಿ ಚುಕ್ಕಿಗೆ. ಯಾರದು ಮೊದಲು ಎಂದು ಒಮ್ಮೆ ಕೇಳಿದೆ. "ಇದರದೇ ಕಣೇ" ಎಂದರು ಅತ್ತೆ. "ಅವನಿಗೆ ಒಂದಾದರೂ ಹಲ್ಲಿದೆ."